ತುತ್ತೂ ಉಸಿರೂ

ಪಂಕ್ತಿಯಲ್ಲಿ ಉಣ್ಣುತ್ತಿರುವವರೊಬ್ಬರಿಗೆ ಥಟ್ಟನೆ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತೆಂದರೆ, “ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು” ಎಂದು ಹಿರಿಯರು ತಲೆಯನ್ನು ತಟ್ಟುವ ವಾಡಿಕೆಯುಂಟು. ಅಗುಳು ನೆತ್ತಿಗೆ ಹೋಗುವುದಿಲ್ಲ; ಅದು ನುಗ್ಗಹೊರಟುದು ಶ್ವಾಸನಾಳಕ್ಕೆ. ಕೆಮ್ಮು ಅದನ್ನು ಹೊರಕ್ಕೆ ಅಟ್ಟಿತು. ದಿನಕ್ಕೆ ನೂರಾರು ಸಲ ನುಂಗುವ ನಮಗೆ ಇಂತಹ ಪ್ರಸಂಗವು ಇಷ್ಟು ವಿರಳವಾಗಿ ಒದಗುವುದೇ ಆಶ್ಚರ್ಯ. ಉಸಿರಿನ ದಾರಿಗೆ ದೇಹವು ಇಟ್ಟಿರುವ ಕಾವಲನ್ನು ಗೃಹಸ್ಥರು ತಿಳಿದಿರುವುದು ಅವಶ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಗಂಟಲು ಎರಡು ದಾರಿಗಳು ಕೂಡುವ ಸ್ಥಳ. ಮೂಗಿನಿಂದ ಬರುವ ವಾಯುವೂ ಬಾಯಿಂದ ಬರುವ ಅನ್ನವೂ ಇಲ್ಲಿ ಒಂದೇ ಓಣಿಯಲ್ಲಿ ಸಾಗಿ, ಕೆಳಗೆ ಬೇರೆಯಾಗುತ್ತವೆ. ಮುಂದೆ ಶ್ವಾಸನಾಳ, ಅದರ ಹಿಂದೆ ಅನ್ನನಾಳ. ಆದುದರಿಂದ ತುತ್ತು ಶ್ವಾಸನಾಳದ ಬಾಯನ್ನು ದಾಟಿಯೇ ಅನ್ನನಾಳವನ್ನು ಸೇರಬೇಕು. ಶ್ವಾಸನಾಳದ ತಲೆಯಲ್ಲಿರುವುದೇ ಧ್ವನಿಪೆಟ್ಟಿಗೆ. ಉಸಿರಾಡುವಾಗ ಅದು ತೆರೆದಿರಬೇಕು, ನುಂಗುವಾಗ ಮುಚ್ಚಿರಬೇಕು.

ತುತ್ತನ್ನು ನಾಲಿಗೆಯಿಂದ ಹಿಂದಕ್ಕೆ ನೂಕುವವರೆಗೆ ಕೆಲಸವು ನಮ್ಮ ಇಚ್ಛೆಗೆ ಒಳಪಟ್ಟುದು. ಆಮೇಲೆ ಅಧಿಕಾರವು ಮಿದುಳಿನ ಬುಡದಲ್ಲಿರುವ ನರಕೇಂದ್ರದ್ದು; ಮುಂದೆ ಗಂಟಲಲ್ಲಿ ನಡೆಯುವುದೆಲ್ಲ ಸುಮಾರು ೧ ಸೆಕೆಂಡಿನ ವ್ಯಾಪಾರ. ಅಂಗುಳದ ಮೃದುವಾದ ಹಿಂಭಾಗವು ಕಿರುನಾಲಿಗೆಯೊಡನೆ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಉಸಿರು ತಾನಾಗಿ ನಿಲ್ಲುತ್ತದೆ. ಧ್ವನಿಪೆಟ್ಟಿಗೆಯೊಳಗಿನ ಸ್ವರತಂತುಗಳೆರಡೂ ಕೂಡಿ ಕದವಿಕ್ಕುತ್ತವೆ. ಅವುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳೂ ಹತ್ತಿರ ಸರಿಯುತ್ತವೆ. ಧ್ವನಿಪೆಟ್ಟಿಗೆಯು ಇಡಿಯಾಗಿ ಮೇಲಕ್ಕೂ ಮುಂದಕ್ಕೂ ಸರಿದು ನಾಲಿಗೆಯ ಬುಡದಡಿಯಲ್ಲಿ ಆಶ್ರಯ ಪಡೆಯುತ್ತದೆ. ಎಲೆಯಾಕಾರದ ಮೃದ್ವಸ್ಥಿಯ ಮುಚ್ಚಳವೊಂದು ಅದರ ಬಾಯಿಯ ಮೇಲೆ ಬಾಗುತ್ತದೆ. ಹೀಗೆ ಸರಿಯುವುದರಿಂದಲೇ ಹಿಂದಿರುವ ಅನ್ನನಾಳದ ಬಾಯಿ ತೆರೆಯಲು ಅನುಕೂಲವಾಗುತ್ತದೆ. ತುತ್ತು ಇಳಿದ ಮೇಲೆ ಸಾಮಾನ್ಯವಾಗಿ ಉಸಿರು ಮೊದಲು ಹೊರಕ್ಕೇ ಹೋಗುವುದು. ಉಳಿದ ಕಣವೇನಾದರೂ ಇದ್ದರೆ ಅದು ಒಳಕ್ಕೆ ಸೆಳೆಯಲ್ಪಡದಿರಲು ಇದೂ ಒಂದು ಉಪಾಯ.

ಪಾಠಶಾಲೆಯಲ್ಲಿ ನಾವು ಮಕ್ಕಳಿಗೆ ಗಂಟಲಿನ ಉಬ್ಬಿನ ಮೇಲೆ ಬೆರಳಿರಿಸಿ ಉಗುಳನ್ನು ನುಂಗುವಂತೆ ಹೇಳುತ್ತಿದ್ದೆವು. ಉಬ್ಬು ಮೇಲೇರಿ ಇಳಿಯುವುದು ಬೆರಳಿಗೇ ತಿಳಿಯುತ್ತಿತ್ತು. ವಾಚಕರೂ ಮಾಡಿ ನೋಡಬಹುದು.

ಆ ಮುಚ್ಚಳವೊಂದೇ ಕಾವಲೆಂದು ಹಿಂದೆ ಎಣಿಸಿದ್ದುಂಟು. ೧೮೧೩ರಲ್ಲಿ ಫ್ರಾನ್ಸಿನ ಮಜಾಂಡಿ ಎಂಬ ಶರೀರಶಾಸ್ತ್ರಜ್ಞನು, ಮುಚ್ಚಳವನ್ನು ತೆಗೆದ ಮೇಲೂ ನಾಯಿಗಳು ನುಂಗಬಲ್ಲವೆಂದು ತೋರಿಸಿದನು. ಪ್ರಕೃತಿಯು ಒಂದೇ ಬಾಗಿಲನ್ನು ನಂಬಿ ಕುಳಿತಿಲ್ಲ. ಒಂದರ ಹಿಂದೊಂದು ಬಾಗಿಲು. ಎಲ್ಲವೂ ತಪ್ಪಿದರೆ ಕೆಮ್ಮು.

ಮಾತಿಗೂ ನಗೆಗೂ ಉಸಿರು ಬೇಕು, ಉಸಿರಿಗೆ ಬಾಗಿಲು ತೆರೆದಿರಬೇಕು. ಚರಕಸಂಹಿತೆಯು ಮಾತಾಡದೆ, ನಗದೆ ಉಣ್ಣಬೇಕೆಂದು ವಿಧಿಸಿರುವುದು ಈ ದೃಷ್ಟಿಯಿಂದಲೂ ಯುಕ್ತವಾಗಿದೆ.

ತುತ್ತು ಸಿಕ್ಕಿಕೊಂಡವರಿಗೆ ಕೆಮ್ಮುವ ಶಕ್ತಿಯಿದ್ದರೆ ಕೆಮ್ಮಗೊಡಬೇಕು, ನೀರು ಕುಡಿಸಲಾಗದು. ಮಾತೂ ಕೆಮ್ಮೂ ಹೊರಡದಿದ್ದರೆ ನೆತ್ತಿಯನ್ನು ತಟ್ಟಿ ಫಲವಿಲ್ಲ. ಅವರನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ೫ ಸಲ ಬಲವಾಗಿ ಗುದ್ದಬೇಕು. ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳ ಮೇಲ್ಗಡೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ೫ ಸಲ ಜಗ್ಗಿ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು ವೈದ್ಯಸಹಾಯಕ್ಕೆ ಕರೆಕಳುಹಿಸಬೇಕು. ೧ ವರ್ಷದೊಳಗಿನ ಶಿಶುವಿನ ಹೊಟ್ಟೆಯನ್ನು ಮಾತ್ರ ಹೀಗೆ ಒತ್ತಕೂಡದು.

ಇನ್ನು ಮುಖ್ಯವಾದ ಮಾತು. ಈ ಕಾವಲು ಎಚ್ಚರವಿರುವ ದೇಹಕ್ಕೆ ಮಾತ್ರ ನೆಚ್ಚತಕ್ಕದ್ದು. ಮೂರ್ಛೆ ಹೋದವರ ಬಾಯಿಗೆ ನೀರು ಬಿಡುವುದು ಉಪಚಾರವಲ್ಲ, ಅಪಾಯ. ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಮಲಗಿಸಬೇಕು. ಎಳೆಗೂಸನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಅಳುತ್ತಿರುವಾಗಲೇ ಒಳಲೆಯಿಂದ ಹರಳೆಣ್ಣೆಯನ್ನು ಹೊಯ್ಯುವ ಪದ್ಧತಿಯನ್ನೂ ಬಿಡಬೇಕು. ಅಳುವ ಮಗು ಉಸಿರನ್ನು ಒಳಕ್ಕೆ ಸೆಳೆಯುತ್ತದೆ. ಎಣ್ಣೆಯು ಕೆಮ್ಮನ್ನೂ ಎಬ್ಬಿಸದೆ ಶ್ವಾಸಕೋಶಕ್ಕೆ ಇಳಿದು ಕಠಿಣವಾದ ರೋಗವನ್ನು ತರಬಲ್ಲದು. ಮೂಗಿಗೆ ಎಣ್ಣೆ ಬಿಡುವುದೂ ಹಾಗೆಯೇ.

ಪಾರ್ಶ್ವವಾಯು ತಗಲಿದ ವೃದ್ಧರಲ್ಲಿ ಕೆಮ್ಮು ಎಂಬ ಕಡೆಯ ಕಾವಲುಗಾರನೂ ಕೆಲವು ವೇಳೆ ನಿದ್ರಿಸುವನು. ಕೆಮ್ಮಲಿಲ್ಲವಲ್ಲ ಎಂದು ಧೈರ್ಯಗೊಳ್ಳಲಾಗದು. ಉಣ್ಣುವಾಗ ಧ್ವನಿ ಒದ್ದೆಯಾದಂತೆ ಕೇಳಿಸುವುದು, ಪದೇ ಪದೇ ಜ್ವರ ಬರುವುದು ಇದರ ಸೂಚನೆಗಳಾಗಬಹುದು. ನುಂಗುವ ಶಕ್ತಿಯನ್ನು ವೈದ್ಯರಿಂದ ಪರೀಕ್ಷಿಸದೆ ಅಂಥವರಿಗೆ ಗಂಜಿಯನ್ನೂ ಕುಡಿಸಬಾರದು. ಅವರು ಒಪ್ಪಿದ ಮೇಲೆ ನೆಟ್ಟಗೆ ಕುಳ್ಳಿರಿಸಿ, ಸಣ್ಣ ತುತ್ತು ಕೊಟ್ಟು, ಅದು ಇಳಿದ ಮೇಲೆಯೇ ಮುಂದಿನದನ್ನು ಕೊಡಬೇಕು. ಅವಸರಪಡದೆ ಬಳಿಯಲ್ಲಿ ಕುಳಿತು ಉಣಿಸುವುದೇ ಅವರಿಗೆ ನಾವು ಮಾಡತಕ್ಕ ದೊಡ್ಡ ಸೇವೆ.