ಮೇವನ್: ಝೆರಾಕ್ಸ್ ನೋಟ್ಸಿನಲ್ಲಿ ಇಲ್ಲದ್ದು

ಕಾಚಿಗೂಡ ಸ್ಟೇಷನ್ನಿಗೆ ಹತ್ತಿರವೆಂದು ನಾರಾಯಣಗೂಡದಲ್ಲಿ ರೂಮು ಹಿಡಿದು, ಜಾವಾ ಕೋರ್ಸಿಗೆ ಅಮೀರ್‌ಪೇಟೆಗೆ ಓಡಾಡುವ ಬೀದರ್, ಯಾದಗಿರಿ, ರಾಯಚೂರು ಕಡೆಯ ಹುಡುಗ ಹುಡುಗಿಯರ ಚೀಲದಲ್ಲಿ ಸೀನಿಯರುಗಳಿಂದ ದಾಟಿಬಂದ ಝೆರಾಕ್ಸ್ ನೋಟ್ಸ್ ಇರುವುದುಂಟು. ಜಾವಾ ಭಾಷೆಯ ಪುಟಗಳಲ್ಲಿ ತಕರಾರಿಲ್ಲ. ಮೇವನ್ ಎಂಬ ಬಿಲ್ಡ್ ಟೂಲಿನ ಪುಟ ಬಂದಾಗ ಎಲ್ಲ ನಿಂತುಬಿಡುತ್ತದೆ. ಮೇವನ್ 1.0 ಬಂದದ್ದು 2004ರಲ್ಲಿ. ಅಲ್ಲಿಂದ ಅದು ಬಹಳ ಬದಲಾಗಿದೆ, ನೋಟ್ಸು ಬದಲಾಗಿಲ್ಲ.

"ಸೆಟಪ್ ಫೈಲೇ ಸಿಗ್ತಿಲ್ಲ"

ಸಿಗುವುದಿಲ್ಲ, ಅಂಥದ್ದು ಇಲ್ಲವೇ ಇಲ್ಲ. ಮೇವನ್ ಹೊರತರುವ ಅಪಾಚೆಯ ತಾಣದಲ್ಲಿರುವುದು ಜಿಪ್ ಫೈಲು. ಅದನ್ನು ಬಿಚ್ಚಿ ಒಂದೆಡೆ ಇಟ್ಟು, ಒಳಗಿನ ಬಿನ್ ಫೋಲ್ಡರಿನ ವಿಳಾಸವನ್ನು ಪಾಥ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ ಸೇರಿಸಿದರೆ ಕೆಲಸ ಮುಗಿಯಿತು. ಅಲ್ಲಿ ಬೈನರಿ, ಸೋರ್ಸ್ ಎಂದು ಎರಡು ಬಗೆಯ ಜಿಪ್ ಇರುತ್ತವೆ. ಓಪನ್ ಸೋರ್ಸ್ ಅಂದಮೇಲೆ ಸೋರ್ಸೇ ಇಳಿಸಬೇಕೆಂದು ತಿಳಿಯುವವರಿದ್ದಾರೆ. ಬೇಕಾದದ್ದು ಬೈನರಿ. ಸೋರ್ಸ್ ಇರುವುದು ಮೇವನ್ನನ್ನೇ ತಿದ್ದಲು ಹೊರಟವರಿಗೆ.

ಪಾಥ್ ಸೇರಿಸಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಿಲ್ಲ. ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟಿಗೆ ಹೊಸ ಪಾಥ್ ಗೊತ್ತಿರುವುದಿಲ್ಲ, ಅಷ್ಟೆ. ಅದನ್ನು ಮುಚ್ಚಿ ಇನ್ನೊಂದು ತೆರೆದು "ಎಂವಿಎನ್ -ವಿ" ಎಂದು ಹೊಡೆದರೆ ಆವೃತ್ತಿ ಕಾಣುತ್ತದೆ.

"ಎಂ2_ಹೋಮ್ ಇಲ್ಲದೆ ನಡೆಯೋದಿಲ್ಲ"

2017ರಲ್ಲಿ ಬಂದ 3.5.0 ಆವೃತ್ತಿಯಿಂದ ಈಚೆಗೆ ಮೇವನ್ ಎಂ2_ಹೋಮ್ ಎಂಬ ವೇರಿಯಬಲ್ಲಿನತ್ತ ನೋಡುವುದೂ ಇಲ್ಲ. ಆದರೂ ನೋಟ್ಸಿನಲ್ಲಿ ಅದಕ್ಕೆ ಕೆಂಪು ಗೆರೆ ಎಳೆದಿರುತ್ತಾರೆ! ಗಮನ ಕೊಡಬೇಕಾದದ್ದು ಜಾವಾ_ಹೋಮ್‌ಗೆ. ಅದು ಜೆಡಿಕೆ ಇರುವ ಫೋಲ್ಡರನ್ನು ತೋರಿಸಬೇಕು, ಅದರೊಳಗಿನ ಬಿನ್ ಅನ್ನಲ್ಲ. ಪಾಥ್‌ಗೆ ಬಿನ್ ಬೇಕು, ಜಾವಾ_ಹೋಮ್‌ಗೆ ಬೇಡ: ಎಡವುವುದು ಇಲ್ಲೇ. ಇನ್ನು, ಜಾವಾ ಮೇವನ್ನಿನ ಜೊತೆಗೇ ಬರುತ್ತದೆಂಬುದೂ ಸುಳ್ಳು; ಜೆಡಿಕೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಬರೀ ಜೆಆರ್‌ಇ ಹಾಕಿಕೊಂಡವರಿಗೆ ಕಂಪೈಲರೇ ಸಿಗಲಿಲ್ಲ ಎಂಬ ದೂರು ಬರುತ್ತದೆ.

"ಎಕ್ಲಿಪ್ಸ್‌ನ್ಯಾಗ ನಡೀತದ್ರಿ, ಕಮಾಂಡ್ ಪ್ರಾಂಪ್ಟ್‌ನ್ಯಾಗ ಯಾಕ ನಡ್ಯಾಂಗಿಲ್ಲ?"

ಎಕ್ಲಿಪ್ಸ್ ಮತ್ತು ಇಂಟೆಲಿಜೆ ತಮ್ಮ ಹೊಟ್ಟೆಯಲ್ಲೇ ಒಂದು ಮೇವನ್ ಇಟ್ಟುಕೊಂಡಿವೆ. ಅದು ಹೊರಗಿನ ಕಮಾಂಡ್ ಪ್ರಾಂಪ್ಟಿಗೆ ಕಾಣದು. ಬೇಕೆಂದರೆ ಹೊರಗೆ ಹಾಕಿಕೊಂಡ ಮೇವನ್ನನ್ನೇ ಬಳಸುವಂತೆ ಸೆಟಿಂಗ್ಸ್‌ನಲ್ಲಿ ಹೇಳಬಹುದು.

"ಮೊದಲ ಸಲ ಓಡಿಸಿದಾಗ ಹ್ಯಾಂಗ್ ಆಯ್ತು"

ಹೆಚ್ಚು ಜನ ಹೆದರುವುದು ಇದಕ್ಕೆ. ಎಂಟು ಸಾಲಿನ ಪ್ರೋಗ್ರಾಮಿಗೆ "ಎಂವಿಎನ್ ಪ್ಯಾಕೇಜ್" ಎಂದರೆ ಪರದೆಯ ತುಂಬ ಡೌನ್‌ಲೋಡಿನ ಸಾಲುಗಳು ಓಡತೊಡಗುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತವರಿಗೆ ಡೇಟಾ ಹೋಯಿತೆಂಬ ಗಾಬರಿ, ಕೆಲವರಿಗೆ ವೈರಸ್ಸೆಂಬ ಗುಮಾನಿ. ಜಿಪ್‌ನಲ್ಲಿ ಬಂದದ್ದು ಮೇವನ್ನಿನ ತಿರುಳು ಮಾತ್ರ. ಕಂಪೈಲ್ ಮಾಡುವ, ಟೆಸ್ಟ್ ಓಡಿಸುವ, ಜಾರ್ ಕಟ್ಟುವ ಕೆಲಸಗಳೆಲ್ಲ ಬೇರೆ ಬೇರೆ ಪ್ಲಗಿನ್ನುಗಳದ್ದು. ಅವನ್ನೂ, ಅವು ನೆಚ್ಚಿಕೊಂಡ ಲೈಬ್ರರಿಗಳನ್ನೂ ಮೇವನ್ ಸೆಂಟ್ರಲ್ ಎಂಬ ಭಂಡಾರದಿಂದ ತಂದು, ಹೋಮ್ ಫೋಲ್ಡರಿನ ".ಎಂ2" ಒಳಗೆ ಇಡುತ್ತದೆ. ಮರುಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. "-ಓ" ಸೇರಿಸಿದರೆ ನೆಟ್ ಇಲ್ಲದೆಯೂ ಓಡುತ್ತದೆ.

ನಡುವೆ ನೆಟ್ ಕಡಿದಾಗಲೇ ನಿಜವಾದ ತೊಂದರೆ. ಒಂದು ಲೈಬ್ರರಿ ಸಿಗಲಿಲ್ಲವೆಂದರೆ ಮೇವನ್ ಆ ಸೋಲನ್ನು ಬರೆದಿಟ್ಟುಕೊಳ್ಳುತ್ತದೆ. ಒಮ್ಮೆ ಅಂಗಡಿ ಮುಚ್ಚಿತ್ತೆಂದು ಆ ಬೀದಿಗೇ ಹೋಗದವರ ಹಾಗೆ, ನೆಟ್ ಬಂದ ಮೇಲೂ ಕೆಲ ಹೊತ್ತು ಮತ್ತೆ ಕೇಳುವುದಿಲ್ಲ. "-ಯು" ಸೇರಿಸಿ ಓಡಿಸಿದರೆ ಮತ್ತೆ ಕೇಳುತ್ತದೆ. ಇದು ಗೊತ್ತಿಲ್ಲದೆ ಇಡೀ ಮೇವನ್ನನ್ನು ಅಳಿಸಿ ಮತ್ತೆ ಹಾಕುವುದು ವ್ಯರ್ಥ, ಏಕೆಂದರೆ .ಎಂ2 ಫೋಲ್ಡರು ಇದ್ದಲ್ಲೇ ಇರುತ್ತದೆ.

ಹಳೆಯ ನೋಟ್ಸು ನಂಬಿ ಹಳೆಯ ಮೇವನ್ನನ್ನೇ ಇಳಿಸಿಕೊಂಡವರ ಪಾಡು ಬೇರೆ. 2020ರ ಜನವರಿ 15ರಿಂದ ಸೆಂಟ್ರಲ್ ಬರೀ ಎಚ್‌ಟಿಟಿಪಿ ವಿಳಾಸದಲ್ಲಿ ಏನನ್ನೂ ಕೊಡುವುದಿಲ್ಲ, ಎಚ್‌ಟಿಟಿಪಿಎಸ್ ಬೇಕು; ಹಳೆಯ ಮೇವನ್ ಕೇಳುವುದು ಎಚ್‌ಟಿಟಿಪಿಯಲ್ಲೇ. 501 ಎಂಬ ಎರರ್ ಕಂಡರೆ ನಿಮ್ಮ ಕೋಡನ್ನು ಬೈದುಕೊಳ್ಳಬೇಡಿ.

"ಬಿಲ್ಡ್ ಫೇಲ್ಯೂರ್ ಬಂತು, ನನ್ನ ಪ್ರೋಗ್ರಾಮೇ ತಪ್ಪು"

ಇರಬಹುದು, ಇಲ್ಲದಿರಲೂಬಹುದು. ಕೊನೆಯ ಸಾಲನ್ನಲ್ಲ, ಎರರ್ ಎಂದು ಶುರುವಾಗುವ ಮೊದಲ ಸಾಲನ್ನು ಓದಬೇಕು. "ಸೋರ್ಸ್ ಆಪ್ಷನ್ 5" ಅಥವಾ "7" ಇನ್ನು ನಡೆಯದು ಎಂದಿದ್ದರೆ, ನಿಮ್ಮ ಜಾವಾ ಹೊಸದು, ಪ್ರಾಜೆಕ್ಟಿನ ಮಾದರಿ ಹಳೆಯದು ಎಂದರ್ಥ. ಪ್ರಾಜೆಕ್ಟಿನ ಬಿಲ್ಡ್ ಫೈಲಾದ ಪಾಮ್.ಎಕ್ಸ್‌ಎಂಎಲ್‌ನಲ್ಲಿ ಮೇವನ್.ಕಂಪೈಲರ್.ಸೋರ್ಸ್ ಮತ್ತು ಟಾರ್ಗೆಟ್ ಎರಡಕ್ಕೂ 17 ಎಂದೋ, ನಿಮ್ಮಲ್ಲಿರುವ ಜಾವಾ ಯಾವುದೋ ಅದನ್ನೋ ಬರೆದರೆ ಸರಿಹೋಗುತ್ತದೆ.

"ಎಂವಿಎನ್ ಇನ್‌ಸ್ಟಾಲ್ ಕೊಟ್ಟೆ, ಆ್ಯಪ್ ಎಲ್ಲಿ?"

ಆ ಕಮಾಂಡು ಡೆಸ್ಕ್‌ಟಾಪಿನಲ್ಲಿ ಐಕಾನ್ ತಂದಿಡುವುದಿಲ್ಲ. ಜಾರ್ ಕಟ್ಟಿ ಅದರ ಪ್ರತಿಯೊಂದನ್ನು .ಎಂ2ನಲ್ಲಿ ಇಡುತ್ತದೆ, ನಿಮ್ಮದೇ ಇನ್ನೊಂದು ಪ್ರಾಜೆಕ್ಟಿಗೆ ಸಿಗಲೆಂದು. ಓಡಿಸಿ ನೋಡುವುದಷ್ಟೇ ಉದ್ದೇಶವಾದರೆ ಪ್ಯಾಕೇಜ್ ಸಾಕು. ಜಾರ್ ಟಾರ್ಗೆಟ್ ಫೋಲ್ಡರಿನಲ್ಲಿರುತ್ತದೆ.

"ಮೇವನ್ ಹಳೇದಾಯ್ತು, ನೇರ ಗ್ರೇಡಲ್ ಕಲಿಯೋದು ಮೇಲು"

ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗೆ ಗ್ರೇಡಲ್ ಎಂಬ ಈ ಇನ್ನೊಂದು ಬಿಲ್ಡ್ ಟೂಲು ಬೇಕೇ ಬೇಕು. ಸರ್ವರ್ ಕಡೆಯ ಜಾವಾ ಕೆಲಸಕ್ಕೆ ಹೋಗುವವರಿಗೆ ಎರಡೂ ಎದುರಾಗುತ್ತವೆ. ಗ್ರೇಡಲ್ ಕೂಡ ಸಾಮಾನ್ಯವಾಗಿ ಲೈಬ್ರರಿ ತರುವುದು ಅದೇ ಮೇವನ್ ಸೆಂಟ್ರಲ್‌ನಿಂದ. ಎಸ್‌ಆರ್‌ಸಿ, ಮೇನ್, ಜಾವಾ ಎಂಬ ಫೋಲ್ಡರುಗಳ ಕ್ರಮವೂ ಅದೇ. ಮೇವನ್ನಿನಲ್ಲಿ ಒಂದು ಪ್ರಾಜೆಕ್ಟ್ ಮಾಡಿದವರು ಗ್ರೇಡಲ್‌ನಲ್ಲಿ ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಬಿಲ್ಡ್ ಫೈಲು ಬರೆಯುವ ರೀತಿ.