ಕಡಲು ಹಿಂದೆ ಸರಿದ ಸಂತೆಯೂರು

ಸ್ವೀಡನ್ನಿನ ಉತ್ತರದಲ್ಲಿ, ಬೋತ್ನಿಯಾ ಕೊಲ್ಲಿಯ ದಂಡೆಯಲ್ಲಿರುವ ಲುಲೆಯೊ ನಗರದಿಂದ ಸುಮಾರು 10 ಕಿ.ಮೀ. ಒಳನಾಡಿನಲ್ಲಿ ಗಮ್ಮೆಲ್‌ಸ್ಟಾಡ್, ಎಂದರೆ ಹಳೆಯ ಪಟ್ಟಣ, ಎಂಬ ನೆಲೆಯಿದೆ. ಇಂದು ನಗರದ ಹೊರವಲಯದಂತೆ ಕಾಣುವ ಈ ಊರು ಮಧ್ಯಯುಗದಲ್ಲಿ ರಾಜ್ಯದ ಗಡಿನೆಲೆಯಾಗಿತ್ತು. 1323ರಲ್ಲಿ ಸ್ವೀಡನ್ನೂ ರಷ್ಯನ್ನರ ನವ್‌ಗೊರೋಡ್ ರಾಜ್ಯವೂ ನೋಟೆಬೋರ್ಗ್ ಒಪ್ಪಂದ ಮಾಡಿಕೊಂಡಾಗ ಉತ್ತರದ ಮೇರೆ ಅಸ್ಪಷ್ಟವಾಗಿಯೇ ಉಳಿದುದರಿಂದ, ಅಲ್ಲಿ ಜನರನ್ನು ನೆಲೆಗೊಳಿಸಿ ಚರ್ಚು ಕಟ್ಟಿಸುವುದೇ ಹಕ್ಕು ಸ್ಥಾಪಿಸುವ ಮಾರ್ಗವೆಂದು ಅರಸೊತ್ತಿಗೆಯೂ ಧರ್ಮಪೀಠವೂ ಭಾವಿಸಿದವು.

ಆದರೆ ಆ ಒಳನಾಡು ನಿರ್ಜನವಾಗಿರಲಿಲ್ಲ. ಬೇಟೆ, ಮೀನುಗಾರಿಕೆ ಮತ್ತು ಹಿಮಸಾರಂಗಗಳನ್ನು ನೆಚ್ಚಿ ಬದುಕುತ್ತಿದ್ದ ಸಾಮಿ ಜನರು ಅಲ್ಲಿದ್ದರು. ಅವರೊಡನೆ ವ್ಯಾಪಾರ ಮಾಡುವ ಹಕ್ಕು ಬಿರ್ಕಾರ್ಲರು ಎಂಬ ಕರಾವಳಿ ರೈತ-ವರ್ತಕರ ಕೈಯಲ್ಲಿತ್ತು, ಈ ಹಕ್ಕಿನ ಪ್ರಸ್ತಾಪ 1328ರ ರಾಜಶಾಸನದಲ್ಲಿಯೇ ದೊರೆಯುತ್ತದೆ. ಹಿಟ್ಟು, ಉಪ್ಪು, ಬಟ್ಟೆ, ಲೋಹದ ಸಾಮಾನುಗಳನ್ನು ಕೊಟ್ಟು ತುಪ್ಪುಳು ಚರ್ಮವನ್ನೂ ಒಣಮೀನನ್ನೂ ಪಡೆಯುತ್ತಿದ್ದ ಇವರು, ಸಾಮಿಗಳಿಂದ ಕಂದಾಯವನ್ನೂ ತಾವೇ ವಸೂಲು ಮಾಡಿ ಅದರ ಒಂದು ಪಾಲನ್ನು ಅರಸನಿಗೆ ಸಲ್ಲಿಸುತ್ತಿದ್ದರು. ಸರಕಿಗೆ ಬೆಲೆ ಕಟ್ಟುವವನೂ ಕರ ಎತ್ತುವವನೂ ಒಬ್ಬನೇ ಆದಲ್ಲಿ ಚೌಕಾಸಿಗೆ ಎಷ್ಟು ಅವಕಾಶವಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಉತ್ತರ ಅಮೆರಿಕದ ತುಪ್ಪುಳು ವ್ಯಾಪಾರಕ್ಕೆ ಹೆಸರಾದ ಹಡ್ಸನ್ಸ್ ಬೇ ಕಂಪನಿ ಹುಟ್ಟಿದ್ದು 1670ರಲ್ಲಿ. ಬಿರ್ಕಾರ್ಲರ ವ್ಯವಸ್ಥೆ ಅದಕ್ಕಿಂತ ಮೂರು ಶತಮಾನ ಹಳೆಯದು.

ಈ ಸೀಮೆಯ ಸಿರಿತನಕ್ಕೆ ಗಮ್ಮೆಲ್‌ಸ್ಟಾಡ್‌ನಲ್ಲಿ 1492ರಲ್ಲಿ ಪ್ರತಿಷ್ಠಾಪನೆಗೊಂಡ ಕಲ್ಲಿನ ಚರ್ಚೇ ಸಾಕ್ಷಿ. ಸ್ವೀಡನ್ನಿನ ಉತ್ತರ ಸೀಮೆಯಾದ ನಾರ್‌ಲಾಂಡ್‌ನ ಮಧ್ಯಯುಗೀನ ಚರ್ಚುಗಳಲ್ಲೇ ದೊಡ್ಡದಾದ ಇದಕ್ಕೆ ಕೆತ್ತನೆಯ ವೇದಿಕಾಫಲಕವನ್ನು ದೂರದ ಆಂಟ್‌ವರ್ಪ್‌ನಿಂದ ತರಿಸಲಾಯಿತು.

ಇಷ್ಟು ಲಾಭದ ವ್ಯವಹಾರವನ್ನು ಅರಸೊತ್ತಿಗೆ ಬಹುಕಾಲ ಪರರ ಕೈಯಲ್ಲಿ ಬಿಡಲಿಲ್ಲ. 16ನೇ ಶತಮಾನದಲ್ಲಿ ಕಂದಾಯ ವಸೂಲಿ ಅರಸನ ಅಧಿಕಾರಿಗಳಿಗೆ ಹೋಯಿತು. 17ನೇ ಶತಮಾನದ ಆರಂಭದಲ್ಲಿ ಒಂಬತ್ತನೆಯ ಕಾರ್ಲ್ ಒಳನಾಡಿನಲ್ಲಿ ನಿಗದಿತ ಸಂತೆಗಳನ್ನು ಏರ್ಪಡಿಸಿದನು, ಅವುಗಳಲ್ಲೊಂದಾದ ಯೊಕ್‌ಮೊಕ್‌ನ ಚಳಿಗಾಲದ ಸಂತೆ ಇಂದಿಗೂ ನಡೆಯುತ್ತದೆ. 1621ರಲ್ಲಿ ಎರಡನೆಯ ಗುಸ್ತಾವ್ ಅಡಾಲ್ಫ್, ವ್ಯಾಪಾರವನ್ನು ಪಟ್ಟಣಗಳಿಗೆ ಸೀಮಿತಗೊಳಿಸಿ ಸುಂಕದ ಹಿಡಿತಕ್ಕೆ ತರುವ ನೀತಿಯಂತೆ, ಗಮ್ಮೆಲ್‌ಸ್ಟಾಡ್‌ನ ಚರ್ಚಿನ ಬಳಿಯ ಸಂತೆಗೆ ಪಟ್ಟಣದ ಸ್ಥಾನ ನೀಡಿದನು.

ರಾಜಾಜ್ಞೆಗೆ ಮಣಿಯದೆ ಉಳಿದದ್ದು ನೆಲ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮರಾಶಿಯ ಭಾರಕ್ಕೆ ಕುಸಿದಿದ್ದ ಭೂಚಿಪ್ಪು, ಹಿಮ ಕರಗಿದ ಮೇಲೆ ನಿಧಾನವಾಗಿ ಮೇಲೇಳುತ್ತಿದ್ದು, ಇಲ್ಲಿ ಆ ಏರಿಕೆ ವರ್ಷಕ್ಕೆ 8ರಿಂದ 9 ಮಿಲಿಮೀಟರಿನಷ್ಟಿದೆ. ತೀರ ಇಳಿಜಾರಿಲ್ಲದ ದಂಡೆಯಲ್ಲಿ ಅಷ್ಟೇ ಸಾಕಾಗಿ ಪಟ್ಟಣದ ಬಂದರು ಹಡಗು ತೇಲದಷ್ಟು ಆಳ ಕಳೆದುಕೊಂಡಿತು. 1649ರಲ್ಲಿ, ಎಂದರೆ ಮೂವತ್ತು ವರ್ಷವೂ ತುಂಬುವ ಮೊದಲು, ಪಟ್ಟಣವನ್ನು ಈಗಿನ ಲುಲೆಯೊ ಇರುವ ಜಾಗಕ್ಕೆ ಸ್ಥಳಾಂತರಿಸಲಾಯಿತು.

ವರ್ತಕರು ಹೋದರೂ ಚರ್ಚು ಅಲ್ಲಿಯೇ ಉಳಿಯಿತು. ದೂರದ ಹಳ್ಳಿಗಳಿಂದ ಆರಾಧನೆಗೆ ಬರುವವರು ಒಂದೇ ದಿನದಲ್ಲಿ ಮರಳಲಾಗದ ಕಾರಣ, ರಾತ್ರಿ ತಂಗಲೆಂದು ಚರ್ಚಿನ ಸುತ್ತ ಮರದ ಪುಟ್ಟ ಮನೆಗಳನ್ನು ಕಟ್ಟಿಕೊಂಡರು. ಹಬ್ಬ, ನ್ಯಾಯಸಭೆ, ಸಂತೆಗಳ ದಿನಗಳಲ್ಲಿ ತುಂಬಿ ಮಿಕ್ಕ ದಿನ ಖಾಲಿಯಿರುವ ಇಂಥ ನೆಲೆಯನ್ನು ಚರ್ಚ್-ಪಟ್ಟಣವೆನ್ನುತ್ತಾರೆ. ಅಂಥ 424 ಮನೆಗಳಿರುವ ಗಮ್ಮೆಲ್‌ಸ್ಟಾಡನ್ನು ಯುನೆಸ್ಕೊ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಗಳು ಇಂದಿಗೂ ಖಾಸಗಿ ಒಡೆತನದಲ್ಲಿವೆ, ಆದರೆ ಅವುಗಳಲ್ಲಿ ಖಾಯಂ ವಾಸಕ್ಕೆ ಅನುಮತಿಯಿಲ್ಲ.