ನಿಲ್ದಾಣವೂ ನೆರೆಹೊರೆಯೂ



ಊರು ದಾರಿಯನ್ನು ಹಿಡಿದು ಬೆಳೆಯುತ್ತದೆಂಬುದು ಹೊಸ ಮಾತಲ್ಲ. ಧಾರವಾಡ ಜಿಲ್ಲೆಯ ಅಣ್ಣಿಗೇರಿ, ಕುಂದಗೋಳಗಳಿಗೆ ರೈಲು ನಿಲ್ದಾಣವುಂಟು. ನವಲಗುಂದ, ಕಲಘಟಗಿಗಳಿಗೆ ಬಸ್ಸೇ ಆಧಾರ. ಈ ಊರುಗಳಿಂದ ವಿದ್ಯಾರ್ಥಿಗಳೂ ಕೂಲಿಕಾರರೂ ಬೆಳಗಾಗುತ್ತಲೆ ಹುಬ್ಬಳ್ಳಿಯ ಕಡೆಗೆ ಹೊರಡುತ್ತಾರೆ. ಇಂತಹವರ ಮನೆಗಳು ನಿಲ್ದಾಣದ ಸುತ್ತ ಒತ್ತಾಗಿರಬೇಕೆ, ಹೊಲಗಳ ನಡುವೆ ಚೆದರಿರಬೇಕೆ ಎಂಬುದೇ ಇಂದಿನ ವಿಚಾರ.

ಮೊದಲು ಲಾಭವನ್ನು ನೋಡೋಣ. ಹತ್ತು ನಿಮಿಷದ ನಡಿಗೆಯೆಂದರೆ ಸುಮಾರು 800 ಮೀಟರು. ನಿಲ್ದಾಣವನ್ನು ನಡುವಿಟ್ಟು ಅಷ್ಟು ದೂರಕ್ಕೆ ವರ್ತುಲವೆಳೆದರೆ ಸುಮಾರು 500 ಎಕರೆ ನೆಲ ಅದರೊಳಗೆ ಬರುತ್ತದೆ. ಎಕರೆಗೆ ಎರಡು ಮನೆಗಳಿದ್ದರೆ ಸಾವಿರ ಕುಟುಂಬಗಳು. ಹತ್ತಿದ್ದರೆ ಐದು ಸಾವಿರ. ಪ್ರಯಾಣಿಕರು ಹೆಚ್ಚಿದಲ್ಲಿ ಬಸ್ಸುಗಳನ್ನು ಹೆಚ್ಚಾಗಿ ಓಡಿಸುವುದು ಸಾಧ್ಯವಾಗುತ್ತದೆ. ಬಸ್ಸು ಬೇಗ ಬೇಗ ಬಂದಲ್ಲಿ ಸ್ವಂತ ವಾಹನದ ಹಂಬಲ ಕುಗ್ಗುತ್ತದೆ. ಇನ್ನೊಂದು ಲಾಭವೂ ಉಂಟು. ಮನೆಗಳು ಒತ್ತಾದಷ್ಟೂ ಹತ್ತಿ, ಜೋಳ, ಕಡಲೆ ಬೆಳೆಯುವ ಎರೆಭೂಮಿ ಉಳಿಯುತ್ತದೆ.

ಆದರೆ ಅದೇ ಎರೆಭೂಮಿ ಕಟ್ಟಡಕ್ಕೆ ಮಿತ್ರನಲ್ಲ. ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಕಡೆ ಅಂತಸ್ತಿನ ಮೇಲೆ ಅಂತಸ್ತು ಏರಿಸುವವರು ಅಡಿಪಾಯಕ್ಕೇ ಬಹಳ ಹಣ ಸುರಿಯಬೇಕು. ಮಳೆಯ ನೀರು ಬೇಗನೆ ಇಂಗದ ಆ ನೆಲದಲ್ಲಿ ಚರಂಡಿಯಿಲ್ಲದೆ ಜನರನ್ನು ಒತ್ತಾಗಿ ನೆಲೆಗೊಳಿಸಿದರೆ ಅನುಕೂಲಕ್ಕಿಂತ ರೋಗವೇ ಮೊದಲು ಬಂದೀತು.

ಇದಕ್ಕಿಂತಲೂ ಗಹನವಾದ ದೋಷ ಇನ್ನೊಂದಿದೆ. ಬ್ರೆಜಿಲ್ ದೇಶದ ಕುರಿಟಿಬಾ ನಗರದವರು 1974ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಹಾದಿಗಳನ್ನು ತೆರೆದು, ಆ ಹಾದಿಗಳ ಬದಿಯಲ್ಲಿಯೇ ಎತ್ತರದ ಮನೆಗಳಿಗೆ ಅವಕಾಶವಿತ್ತರು. ಸಾರಿಗೆ ಜಗತ್ತಿಗೇ ಮಾದರಿಯಾಯಿತು. ಆದರೆ ಹಾದಿಯ ಬದಿಯ ನೆಲ ದುಬಾರಿಯಾಗಿ, ಬಡವರಲ್ಲಿ ಬಹುಮಂದಿ ಹೊರವಲಯದಲ್ಲಿ ನೆಲೆಸಬೇಕಾಯಿತು. ಬಸ್ಸು ಯಾರಿಗೆ ಅತ್ಯಗತ್ಯವೋ ಅವರೇ ಬಸ್ಸಿನಿಂದ ದೂರವಾದರು.

ನಮ್ಮಲ್ಲಿಯೂ ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ‘ಚಿಗರಿ’ ಬಸ್ಸುಗಳ ವ್ಯವಸ್ಥೆ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ರಸ್ತೆಯ ನಡುವೆ ಅವುಗಳಿಗೆಂದೇ ಹಾದಿಯನ್ನು ಬಿಡಲಾಯಿತು. ಹಾದಿಯಾದುದು ಅರ್ಧ ಕೆಲಸ. ಅದರ ಬಳಿ ಯಾರು ವಾಸಿಸಬಲ್ಲರೆಂಬುದು ಉಳಿದರ್ಧ.

ಆದುದರಿಂದ ನಾಲ್ಕು ಊರುಗಳಿಗೂ ಒಂದೇ ಅಳತೆ ಸಲ್ಲದು. ದೊಡ್ಡ ನಗರದ ಗೋಪುರಗಳನ್ನು ಇಲ್ಲಿಗೆ ತರಬೇಕಾಗಿಲ್ಲ. ಎರಡು ಮೂರು ಅಂತಸ್ತಿನ ಮನೆಗಳು, ನಡೆಯಲು ನೆರಳಿನ ಓಣಿ, ಮನೆಗಿಂತ ಮೊದಲು ನೀರು ಮತ್ತು ಚರಂಡಿ: ಇಷ್ಟು ಸಾಕು. ಇದರೊಡನೆ ನಿಲ್ದಾಣದ ಸಮೀಪದ ಸರಕಾರಿ ನೆಲದಲ್ಲಿ ಒಂದು ಪಾಲನ್ನು ಅಲ್ಪ ಬಾಡಿಗೆಯ ಮನೆಗಳಿಗೆ ಮೀಸಲಿಡುವುದು ಅವಶ್ಯ. ಬೆಲೆ ಏರಿದ ಮೇಲೆ ಮೀಸಲಿಡಲು ನೆಲವೇ ದೊರೆಯದು. ಬೆಳಗಿನ ಮೊದಲ ಬಸ್ಸಿಗೆ ಹೊರಡುವವನು ಆ ನಿಲ್ದಾಣಕ್ಕೆ ನಡೆದೇ ಬರುವಂತಾದರೆ ಯೋಜನೆ ಸಫಲವಾಯಿತೆಂದು ತಿಳಿಯಬಹುದು.